ತೂಕ ಇಳಿಸುವ ಸರ್ಜರಿ ಆಗಿ ವರ್ಷಗಳಾದ ಮೇಲೂ ಮೈ ಚುರುಕಾಗಿಟ್ಟುಕೊಳ್ಳುವುದು ಹೇಗೆ? ಮೈಸೂರು-ಮಂಡ್ಯದವರಿಗೆ ಒಂದು ಮಾರ್ಗದರ್ಶಿ

ಬೇರಿಯಾಟ್ರಿಕ್ ಸರ್ಜರಿ, ಅಂದರೆ ತೂಕ ಇಳಿಸುವ ಆಪರೇಷನ್, ಆದ ಮೊದಲ ವರ್ಷ ತೂಕ ಹೇಗೂ ಇಳಿಯುತ್ತದೆ. ವಾಕಿಂಗ್ ಮಾಡಿದವರಿಗೂ ಇಳಿಯುತ್ತದೆ, ಸೋಫಾ ಬಿಟ್ಟು ಏಳದವರಿಗೂ ಇಳಿಯುತ್ತದೆ. ತೊಡಕು ಇರುವುದೇ ಇಲ್ಲಿ. ತೂಕದ ಮಷೀನ್ ಹತ್ತಿದಾಗಲೆಲ್ಲ ಮುಳ್ಳು ಹಿಂದಕ್ಕೆ ಹೋಗುತ್ತಿದ್ದರೆ ಬೆಳಗಿನ ಜಾವ ಎದ್ದು ಶೂ ಕಟ್ಟುವ ಮನಸ್ಸು ಯಾರಿಗೆ ಬರುತ್ತದೆ ಹೇಳಿ? ಸಾಮಾನ್ಯವಾಗಿ 12ರಿಂದ 18 ತಿಂಗಳಿನ ಹೊತ್ತಿಗೆ ಈ ಇಳಿತ ನಿಲ್ಲುತ್ತದೆ. ಆಮೇಲೆ ಅನೇಕರಿಗೆ ಒಂದಷ್ಟು ಕಿಲೋ ಮೆಲ್ಲಗೆ ವಾಪಸ್ ಬರುತ್ತದೆ. ಆಗ ಗಾಬರಿ ಬಿದ್ದು ಜಿಮ್‌ಗೆ ಓಡಿದರೆ ಮೈ ಕೇಳುವುದಿಲ್ಲ, ಯಾಕೆಂದರೆ ಅಷ್ಟರಲ್ಲಿ ಕಾಲಿನ ಬಲವೇ ಕರಗಿರುತ್ತದೆ.

ಯಾಕೆ ಕರಗುತ್ತದೆ? ಈ ಸರ್ಜರಿಯಲ್ಲಿ ಮುಖ್ಯವಾಗಿ ಎರಡು ಬಗೆ, ಸ್ಲೀವ್ ಮತ್ತು ಬೈಪಾಸ್. ಸ್ಲೀವ್ ಆಪರೇಷನ್‌ನಲ್ಲಿ ಜಠರದ ಸುಮಾರು 75-80 ಪರ್ಸೆಂಟ್ ಭಾಗ ತೆಗೆದುಹಾಕುತ್ತಾರೆ. ಬೈಪಾಸ್‌ನಲ್ಲಿ ಜಠರದ ಮೇಲ್ಭಾಗವನ್ನು ಪುಟ್ಟ ಚೀಲ ಮಾಡಿ ಕರುಳಿಗೆ ಜೋಡಿಸುತ್ತಾರೆ. ಎರಡರಲ್ಲೂ ತಿನ್ನುವುದು ಒಮ್ಮೆಲೇ ಕಡಿಮೆಯಾಗುತ್ತದೆ. ಸಾಲದ್ದನ್ನು ಮೈ ತನ್ನೊಳಗಿಂದಲೇ ತೆಗೆದುಕೊಳ್ಳುತ್ತದೆ. ಕೊಬ್ಬನ್ನು ಮಾತ್ರ ತೆಗೆದುಕೊಂಡಿದ್ದರೆ ಚಿಂತೆ ಇರಲಿಲ್ಲ. ಇಳಿದ ಪ್ರತಿ ನಾಲ್ಕು ಕಿಲೋದಲ್ಲಿ ಹೆಚ್ಚುಕಮ್ಮಿ ಒಂದು ಕಿಲೋ ಕೊಬ್ಬಲ್ಲದ ಭಾಗ, ಅದರಲ್ಲಿ ಸ್ನಾಯುವೂ ಸೇರಿರುತ್ತದೆ. ಹಾಗಾಗಿ ಈ ಲೇಖನದಲ್ಲಿ ವ್ಯಾಯಾಮ ಅಂದಾಗಲೆಲ್ಲ ಸ್ನಾಯು ಉಳಿಸಿಕೊಳ್ಳುವ ಕೆಲಸ ಎಂದೇ ಓದಿಕೊಳ್ಳಿ. ತೂಕ ಇಳಿಸುವ ಕೆಲಸವನ್ನು ಮೊದಲ ವರ್ಷ ಸರ್ಜರಿಯೇ ಮಾಡುತ್ತದೆ.

ಆಪರೇಷನ್ ಆಗಿ ಆರು ವಾರ ತುಂಬದವರು ಇದನ್ನು ಓದಿ ಪಕ್ಕಕ್ಕಿಡಿ. ನಿಮ್ಮ ಸರ್ಜನ್ ಹೇಳಿದಷ್ಟು ನಡೆದರೆ ಸಾಕು, ಭಾರ ಎತ್ತುವ ಹಾಗಿಲ್ಲ.

1. ಮೊದಲು ರಕ್ತ ಪರೀಕ್ಷೆ, ಆಮೇಲೆ ಶೂ

ಎರಡು ರೌಂಡ್ ನಡೆಯುವಷ್ಟರಲ್ಲಿ ಸುಸ್ತು, ಮೆಟ್ಟಿಲು ಹತ್ತಿದರೆ ಏದುಸಿರು. ಮನೆಯವರು ಇದಕ್ಕೆ ಸೋಮಾರಿತನ ಅನ್ನುತ್ತಾರೆ, ನೀವೂ ಹಾಗೇ ಅಂದುಕೊಳ್ಳುತ್ತೀರಿ. ಆದರೆ ಸರ್ಜರಿ ಆದವರಲ್ಲಿ ಇದಕ್ಕೆ ಕಬ್ಬಿಣಾಂಶದ ಕೊರತೆಯೋ ಬಿ12 ಕೊರತೆಯೋ ಕಾರಣ ಇರಬಹುದು. ಊಟ ಕಡಿಮೆ, ಜಠರದ ಆಮ್ಲ ಕಡಿಮೆ, ಬೈಪಾಸ್ ಆದವರಲ್ಲಂತೂ ಕಬ್ಬಿಣ ಹೀರುವ ಕರುಳಿನ ಭಾಗವನ್ನೇ ಆಹಾರ ದಾಟಿ ಹೋಗುತ್ತದೆ. ಹಿಮೋಗ್ಲೋಬಿನ್, ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಲೆಕ್ಕ), ಬಿ12, ವಿಟಮಿನ್ ಡಿ, ಕ್ಯಾಲ್ಸಿಯಂ ಇವಿಷ್ಟನ್ನು ವರ್ಷಕ್ಕೊಮ್ಮೆಯಾದರೂ ನೋಡಿಸಬೇಕು, ಜೀವನಪೂರ್ತಿ. ಐದು ವರ್ಷ ಆಯಿತು, ಇನ್ನೇನು ಅಂತ ವಿಟಮಿನ್, ಕಬ್ಬಿಣದ ಮಾತ್ರೆ ಬಿಟ್ಟುಬಿಡುವವರು ಬಹಳ. ಪಾದದಲ್ಲಿ ಜುಮ್ಮೆನ್ನುವುದು, ನಡೆಯುವಾಗ ತೂರಾಡಿದ ಹಾಗಾಗುವುದು ಇದ್ದರೆ ವಾಕಿಂಗ್ ಹೆಚ್ಚಿಸುವ ಮೊದಲು ಡಾಕ್ಟರ್ ಹತ್ತಿರ ಹೋಗಿ. ಇನ್ನೊಂದು ಮಾತು, ಕಬ್ಬಿಣದ ಮಾತ್ರೆ ಮತ್ತು ಕ್ಯಾಲ್ಸಿಯಂ ಮಾತ್ರೆ ಒಟ್ಟಿಗೆ ನುಂಗಬೇಡಿ, ಎರಡು ಗಂಟೆ ಅಂತರ ಇರಲಿ.

ಬಿಪಿ ಮಾತ್ರೆ, ಶುಗರ್ ಮಾತ್ರೆ ತೆಗೆದುಕೊಳ್ಳುವವರು ಇದನ್ನು ಎರಡು ಸಲ ಓದಿ. 110 ಕಿಲೋ ಇದ್ದಾಗ ಬರೆದುಕೊಟ್ಟ ಡೋಸ್ 75 ಕಿಲೋಗೆ ಜಾಸ್ತಿಯಾಗಬಹುದು. ವಾಕಿಂಗ್ ಮುಗಿಸಿ ಬೆಂಚಿನಿಂದ ಎದ್ದ ತಕ್ಷಣ ಕಣ್ಣು ಕತ್ತಲೆ ಬಂದರೆ ಬಿಪಿ ಇಳಿದಿರಬಹುದು. ನೀವೇ ಮಾತ್ರೆ ನಿಲ್ಲಿಸಬೇಡಿ, ಡಾಕ್ಟರಿಗೆ ತೋರಿಸಿ ಡೋಸ್ ಸರಿ ಮಾಡಿಸಿ.

ಮಂಡಿ ನೋವಿನ ಮಾತ್ರೆಯ ವಿಷಯವೂ ಇಲ್ಲೇ ಹೇಳಿಬಿಡುತ್ತೇನೆ. ವ್ಯಾಯಾಮ ಶುರು ಮಾಡಿದ ವಾರದಲ್ಲಿ ಮೈಕೈ ನೋವು ಸಹಜ. ಮೆಡಿಕಲ್ ಸ್ಟೋರ್‌ಗೆ ಹೋಗಿ ನೋವಿಗೆ ಏನಾದರೂ ಕೊಡಿ ಅಂದರೆ ಡೈಕ್ಲೋಫೆನಾಕ್, ಐಬುಪ್ರೊಫೆನ್ ಥರದ್ದು ಕೈಗೆ ಬರುತ್ತದೆ. ಬೈಪಾಸ್ ಆದವರಿಗೆ ಇವು ಹೊಲಿಗೆ ಜಾಗದಲ್ಲಿ ಹುಣ್ಣು ತರಬಹುದು. ಸ್ಲೀವ್ ಆದವರೂ ಕೇಳದೆ ನುಂಗದಿರುವುದು ಒಳ್ಳೆಯದು. ಸರ್ಜರಿ ಆಗಿದೆ ಅಂತ ಅಂಗಡಿಯವರಿಗೆ ಬಾಯಿಬಿಟ್ಟು ಹೇಳಿ, ನಾಚಿಕೆ ಯಾಕೆ?

2. ನಡಿಗೆ

ವಾರಕ್ಕೆ 150 ನಿಮಿಷ ಚುರುಕು ನಡಿಗೆ ಅನ್ನುವುದು ಎಲ್ಲ ವಯಸ್ಕರಿಗೂ ಹೇಳುವ ಕನಿಷ್ಠ ಲೆಕ್ಕ. ಇಳಿದ ತೂಕ ಉಳಿಸಿಕೊಳ್ಳಬೇಕಾದರೆ 200ರಿಂದ 300 ನಿಮಿಷದ ಹತ್ತಿರ ಹೋಗಬೇಕು. ದಿನಕ್ಕೆ ಮುಕ್ಕಾಲು ಗಂಟೆ ಅಂದುಕೊಳ್ಳಿ. ಒಂದೇ ಸಲ ಆಗಬೇಕೆಂದಿಲ್ಲ. ಬೆಳಿಗ್ಗೆ ಹದಿನೈದು, ಮಧ್ಯಾಹ್ನ ಹತ್ತು, ಸಂಜೆ ಇಪ್ಪತ್ತು ಅಂತ ಮುರಿದರೂ ಲೆಕ್ಕಕ್ಕೆ ಬರುತ್ತದೆ. ಮಕ್ಕಳ ಡಬ್ಬಿ, ತಿಂಡಿ, ಸ್ಕೂಲ್ ವ್ಯಾನು ಅಂತ ಬೆಳಿಗ್ಗೆ ಅಡುಗೆಮನೆಯಲ್ಲೇ ಕಳೆಯುವ ಹೆಂಗಸರಿಗೆ ನಾನು ಹೇಳುವುದು ಇದನ್ನೇ. ಬೆಳಗಿನ ವಾಕಿಂಗ್ ಅನ್ನುವುದೇನು ಶಾಸ್ತ್ರವಲ್ಲ, ತಾರಸಿಯ ಮೇಲೆ ಸಂಜೆ ನಡೆದರೂ ಅದೇ ಫಲ.

ಎಷ್ಟು ಚುರುಕು? ಮಾತಾಡಲು ಆಗಬೇಕು, ಹಾಡು ಹೇಳಲು ಆಗಬಾರದು. ಪಕ್ಕದವರ ಜೊತೆ ಸೊಸೆ ವಿಷಯ, ಸೈಟು ವಿಷಯ ಒಂದೂ ಬಿಡದೆ ಮಾತಾಡುತ್ತಾ ಸಾಗಿದರೆ ಅದು ವಿಹಾರ. ಅದೂ ಒಳ್ಳೆಯದೇ, ಆದರೆ ಈ ಲೆಕ್ಕಕ್ಕೆ ಬರುವುದಿಲ್ಲ.

ಜಾಗದ ವಿಷಯದಲ್ಲಿ ಮೈಸೂರಿನವರು ಪುಣ್ಯವಂತರು. ಕುಕ್ಕರಹಳ್ಳಿ ಕೆರೆ ಏರಿ ಮಣ್ಣಿನ ದಾರಿ, ಮರದ ನೆರಳು, ಮಂಡಿಗೆ ಹಿತ. ಹೊಸಬರು ಪೂರ್ತಿ ಸುತ್ತು ಹಾಕುವ ಹಟಕ್ಕೆ ಬೀಳಬೇಡಿ. ಅರ್ಧ ದಾರಿಯಲ್ಲಿ ಸುಸ್ತಾದರೆ ಮುಂದೆ ಹೋದರೂ ಅಷ್ಟೇ ದೂರ, ಹಿಂದೆ ಬಂದರೂ ಅಷ್ಟೇ ದೂರ. ಹತ್ತು ನಿಮಿಷ ಹೋಗಿ ವಾಪಸ್ ತಿರುಗಿ, ವಾರಕ್ಕೆರಡು ನಿಮಿಷ ಹೆಚ್ಚಿಸುತ್ತಾ ಹೋಗಿ. ಲಿಂಗಾಂಬುಧಿ ಕೆರೆ, ಮಾನಸಗಂಗೋತ್ರಿಯ ರಸ್ತೆಗಳು, ಚೆಲುವಾಂಬ ಪಾರ್ಕ್, ನಿಮ್ಮ ಬಡಾವಣೆಯ ಪಾರ್ಕ್, ಯಾವುದು ಹತ್ತಿರವೋ ಅದು. ಮಂಡ್ಯದಲ್ಲಿ ವಿಶ್ವೇಶ್ವರಯ್ಯ ಕ್ರೀಡಾಂಗಣ ಇದೆ. ನಾಲೆ ಏರಿ ಮೇಲೆ ನಡೆಯುವವರು ಬೆಳಕಾದ ಮೇಲೆ ಹೋಗಿ, ನೀರಿನ ಕಡೆಗೆ ಬೇಡ. ಮಂಡ್ಯದಿಂದ ಬೆಂಗಳೂರಿಗೆ ದಿನಾ ಟ್ರೇನಿನಲ್ಲಿ ಓಡಾಡುವವರು ಟ್ರೇನ್ ಬರುವ ತನಕ ಪ್ಲಾಟ್‌ಫಾರ್ಮ್ ಈ ತುದಿಯಿಂದ ಆ ತುದಿಗೆ ನಡೆಯಬಹುದು, ಜನ ನೋಡಿದರೆ ನೋಡಲಿ.

ಜನ ಅಂದಾಗ ನೆನಪಾಯಿತು. ಸರ್ಜರಿ ಆದವರಿಗೆ ವಾಕಿಂಗ್ ತಪ್ಪಿಸಲು ಮಳೆಗಿಂತ ದೊಡ್ಡ ನೆಪ ಜನರ ಮಾತು. ಮೈಸೂರಲ್ಲಾದರೆ, "ಏನ್ ಸಾರ್, ಶುಗರ್ರಾ? ತುಂಬಾ ಇಳಿದುಬಿಟ್ರಿ." ಮಂಡ್ಯ ಕಡೆ ಇನ್ನೂ ನೇರ, "ಯಾಕ್ಲಾ ಇಂಗ್ ಸೊರಗೋಗಿದ್ದೀಯ, ಉಸಾರಿಲ್ವಾ?" ಉತ್ತರ ಒಂದನ್ನು ಮೊದಲೇ ಸಿದ್ಧ ಮಾಡಿಟ್ಟುಕೊಳ್ಳಿ. "ಇಲ್ಲ, ಚೆನ್ನಾಗಿದ್ದೀನಿ, ಬನ್ನಿ ಒಂದು ರೌಂಡ್ ಹೋಗೋಣ" ಅಂದರೆ ಹೆಚ್ಚಿನವರು ತಾವೇ ಜಾರಿಕೊಳ್ಳುತ್ತಾರೆ.

ಹೊಲದ ಕೆಲಸ ಮಾಡುವವರು ನಮಗೆ ಇದೆಲ್ಲ ಬೇಕಾ ಅಂತ ಕೇಳಬಹುದು. ನಾಟಿ, ಕಳೆ, ಕಬ್ಬು ಕಡಿಯುವ ದಿನಗಳಲ್ಲಿ ಖಂಡಿತ ಬೇಡ. ಆದರೆ ಕಬ್ಬು ನೆಟ್ಟು ನೀರು ಕಟ್ಟಿದ ಮೇಲೆ ಬೈಕಿನಲ್ಲಿ ಹೋಗಿ ನೋಡಿ ಬರುವ ತಿಂಗಳುಗಳೂ ಇರುತ್ತವಲ್ಲ, ಆಗ ಬೇಕು.

3. ಭಾರ ಎತ್ತುವುದು

ಎಲ್ಲರೂ ಬಿಟ್ಟುಬಿಡುವುದು ಇದನ್ನೇ. ಬರೀ ನಡೆದರೆ ಉಸಿರಿಗೆ, ಹೃದಯಕ್ಕೆ ಒಳ್ಳೆಯದು, ಆದರೆ ತೊಡೆ, ಬೆನ್ನು, ತೋಳಿನ ಸ್ನಾಯು ಉಳಿಯಲು ಅವುಗಳ ಮೇಲೆ ಭಾರ ಬೀಳಬೇಕು. ಸರ್ಜರಿಯ ನಂತರ ಮೂಳೆಯ ಗಟ್ಟಿತನವೂ ಕಡಿಮೆಯಾಗುತ್ತದೆ, ಅದಕ್ಕೂ ಭಾರವೇ ಔಷಧಿ. ವಾರಕ್ಕೆ ಎರಡು ದಿನ ಸಾಕು, ಮೂರಾದರೆ ಇನ್ನೂ ಒಳ್ಳೆಯದು, ನಡುವೆ ಒಂದು ದಿನ ಬಿಡುವು. ಜಿಮ್ ಬೇಕೆಂದಿಲ್ಲ.

ಕುರ್ಚಿಯಿಂದ ಶುರು ಮಾಡಿ. ಊಟದ ಮೇಜಿನ ಮರದ ಕುರ್ಚಿಯನ್ನು ಗೋಡೆಗೆ ಒತ್ತಿ ಇಡಿ. ಪ್ಲಾಸ್ಟಿಕ್ ಕುರ್ಚಿ ಬೇಡ, ಜಾರುತ್ತದೆ. ಕುರ್ಚಿಯ ಅಂಚಿಗೆ ಬಂದು ಕೂತು, ಪಾದಗಳನ್ನು ಸೊಂಟದ ಅಗಲಕ್ಕೆ ಇಟ್ಟು, ಹಿಮ್ಮಡಿಯನ್ನು ಮಂಡಿಗಿಂತ ಸ್ವಲ್ಪ ಹಿಂದಕ್ಕೆ ಎಳೆದುಕೊಳ್ಳಿ. ಕೈ ಎರಡನ್ನೂ ಎದೆಯ ಮೇಲೆ ಕಟ್ಟಿ. ಮೂಗು ಕಾಲ್ಬೆರಳಿನ ನೇರಕ್ಕೆ ಬರುವಷ್ಟು ಮುಂದೆ ಬಾಗಿ, ಉಸಿರು ಬಿಡುತ್ತಾ ಎದ್ದು ನಿಲ್ಲಿ. ಕೂರುವಾಗ ಮನಸ್ಸಿನಲ್ಲೇ ಮೂರು ಎಣಿಸಿ ನಿಧಾನವಾಗಿ ಇಳಿಯಿರಿ, ಧೊಪ್ಪನೆ ಬೀಳಬೇಡಿ. ಆ ಇಳಿಯುವಾಗಲೂ ತೊಡೆಗೆ ಒಳ್ಳೆಯ ಕೆಲಸ ಸಿಗುತ್ತದೆ. ಎಂಟು ಸಲ ಆದ ಮೇಲೆ ಒಂದೆರಡು ನಿಮಿಷ ನಿಂತು ಮತ್ತೆ ಎಂಟು. ಕೈ ಊರದೆ ಏಳಲು ಆಗದಿದ್ದರೆ ಕುರ್ಚಿಯ ಮೇಲೆ ದಿಂಬು ಹಾಕಿ ಎತ್ತರ ಮಾಡಿಕೊಳ್ಳಿ. ಹನ್ನೆರಡು ಸಲೀಸಾಗಿ ಬರತೊಡಗಿದ ದಿನ ಐದು ಕಿಲೋ ಅಕ್ಕಿ ಚೀಲವನ್ನು ಎದೆಗೆ ಅಪ್ಪಿಕೊಂಡು ಮತ್ತೆ ಎಂಟರಿಂದ ಶುರು ಮಾಡಿ.

ಗೋಡೆಗೆ ಕೈ ಊರಿ ದಂಡ ಹೊಡೆಯುವುದು ಎರಡನೆಯದು. ಗೋಡೆಯಿಂದ ಒಂದು ತೋಳಿನ ದೂರ ನಿಂತು, ಮೈಯನ್ನು ಹಲಗೆಯ ಹಾಗೆ ನೆಟ್ಟಗಿಟ್ಟು, ಎದೆಯನ್ನು ಗೋಡೆಯ ಹತ್ತಿರ ತಂದು ತಳ್ಳಿ. ಇದು ಸುಲಭವಾದರೆ ಅಡುಗೆಮನೆಯ ಕಟ್ಟೆ, ಆಮೇಲೆ ಮಂಚದ ಅಂಚು, ಕೊನೆಗೆ ನೆಲ. ಮೂರನೆಯದು ಬಕೆಟ್. ಎರಡು ಕೈಗೂ ಸಮನಾಗಿ ಕಾಲು ಬಕೆಟ್ ನೀರು ತುಂಬಿ, ಭುಜ ಹಿಂದಕ್ಕೆ ಎಳೆದು, ಅಂಗಳದಲ್ಲಿ ನಡೆಯುವುದು. ಹಿಡಿತ, ಬೆನ್ನು, ಹೊಟ್ಟೆ ಎಲ್ಲಕ್ಕೂ ಒಂದೇ ಸಲ ಕೆಲಸ. ಬಕೆಟ್ ಎತ್ತುವಾಗ ಸೊಂಟ ಬಗ್ಗಿಸದೆ ಮಂಡಿ ಬಗ್ಗಿಸಿ. ನಾಲ್ಕನೆಯದು ಮನೆಯ ಮೆಟ್ಟಿಲು, ಒಂದೇ ಮೆಟ್ಟಿಲನ್ನು ಹತ್ತಿ ಇಳಿಯುವುದು, ಒಂದು ಕಾಲಿಗೆ ಹತ್ತು ಸಲ, ಇನ್ನೊಂದಕ್ಕೆ ಹತ್ತು.

ಇಷ್ಟೇ. ಇಪ್ಪತ್ತು ನಿಮಿಷ. ಉಸಿರು ಕಟ್ಟಿ ಎತ್ತಬೇಡಿ. ಹೊಟ್ಟೆಯ ಮೇಲೆ ಹಳೆಯ ಗಾಯದ ಜಾಗದಲ್ಲಿ ಗಂಟಿನ ಹಾಗೆ ಉಬ್ಬಿ ಬಂದರೆ ನಿಲ್ಲಿಸಿ ಸರ್ಜನ್‌ಗೆ ತೋರಿಸಿ, ಹರ್ನಿಯಾ (ಹೊಟ್ಟೆಯ ಗೋಡೆ ಸಡಿಲವಾಗಿ ಒಳಗಿನದು ಹೊರಕ್ಕೆ ಉಬ್ಬುವುದು) ಇರಬಹುದು.

ಬಲ ಬಂದಿದೆಯೋ ಇಲ್ಲವೋ ನೋಡಲು ತೂಕದ ಮಷೀನ್ ಉಪಯೋಗಕ್ಕೆ ಬಾರದು. ತಿಂಗಳಿಗೊಮ್ಮೆ ಮೊಬೈಲ್‌ನಲ್ಲಿ 30 ಸೆಕೆಂಡ್ ಇಟ್ಟು, ಕೈ ಎದೆಗೆ ಕಟ್ಟಿ, ಕುರ್ಚಿಯಿಂದ ಎಷ್ಟು ಸಲ ಪೂರ್ತಿ ಎದ್ದು ಕೂರುತ್ತೀರಿ ಎಣಿಸಿ ಕ್ಯಾಲೆಂಡರ್ ಮೇಲೆ ಬರೆಯಿರಿ. 60ರಿಂದ 64 ವಯಸ್ಸಿನಲ್ಲಿ ಗಂಡಸರಿಗೆ 14, ಹೆಂಗಸರಿಗೆ 12ಕ್ಕಿಂತ ಕಡಿಮೆ ಬಂದರೆ ಕಾಲಿನ ಬಲ ಸರಾಸರಿಗಿಂತ ಕಡಿಮೆ ಎಂದು ಲೆಕ್ಕ. ನಲವತ್ತರವರಿಗೇ ಅಷ್ಟು ಬರದಿದ್ದರೆ ಎಚ್ಚೆತ್ತುಕೊಳ್ಳಬೇಕು, ಅಲ್ವಾ?

4. ನೀರು, ಕಾಫಿ, ತಿಂಡಿ

ವಾಕಿಂಗ್ ಮುಗಿಸಿ ಗಟಗಟ ಒಂದು ಲೋಟ ನೀರು ಕುಡಿಯುವ ಕಾಲ ಸರ್ಜರಿಯೊಂದಿಗೇ ಹೋಯಿತು. ಪುಟ್ಟ ಜಠರದಲ್ಲಿ ಅಷ್ಟು ಜಾಗ ಇಲ್ಲ. ಆಮೇಲೆ ಕುಡಿದರಾಯಿತು ಅಂತ ಬಿಟ್ಟರೆ ಏಪ್ರಿಲ್ ಬಿಸಿಲಿಗೆ ತಲೆ ಸುತ್ತು ಗ್ಯಾರಂಟಿ. ಎದ್ದ ಕೂಡಲೇ ಗುಟುಕು ಗುಟುಕಾಗಿ ಶುರು ಮಾಡಿ, ಬಾಟಲ್ ಕೈಯಲ್ಲೇ ಇರಲಿ, ಐದೈದು ನಿಮಿಷಕ್ಕೊಂದು ಗುಟುಕು. ಮೂತ್ರ ಗಾಢ ಹಳದಿ ಇದ್ದರೆ ಸಾಲುತ್ತಿಲ್ಲ ಎಂದರ್ಥ. ಊಟದ ಜೊತೆ ಬೇಡ, ಊಟವಾಗಿ ಅರ್ಧ ಗಂಟೆ ಬಿಟ್ಟು ಕುಡಿಯಿರಿ.

ಇನ್ನು ನಮ್ಮೂರಿನ ವಾಕಿಂಗ್ ಗುಂಪುಗಳ ಕಥೆ. ಬೆಳಿಗ್ಗೆ ನಾಲ್ಕು ಕಿಲೋಮೀಟರ್ ನಡೆದು ಹೋಟೆಲಿಗೆ ನುಗ್ಗಿ ಬೆಣ್ಣೆ ದೋಸೆ, ವಡೆ, ಮೇಲೆ ಸಕ್ಕರೆ ಜಾಸ್ತಿ ಹಾಕಿದ ಕಾಫಿ. ಸರ್ಜರಿ ಆಗದವರಿಗೂ ಇದು ಲಾಭದ ವ್ಯಾಪಾರವಲ್ಲ. ಬೈಪಾಸ್ ಆದವರಿಗಂತೂ ಸಿಹಿ ನೇರವಾಗಿ ಕರುಳಿಗೆ ಇಳಿದು, ಅರ್ಧ ಗಂಟೆಯೊಳಗೆ ಎದೆ ಡವಡವ, ಬೆವರು, ಹೊಟ್ಟೆ ನುಲಿತ, ಭೇದಿ ಆಗಬಹುದು. ಇದಕ್ಕೆ ಡಂಪಿಂಗ್ ಅನ್ನುತ್ತಾರೆ. ಇನ್ನೊಂದು ಬಗೆ ಒಂದರಿಂದ ಮೂರು ಗಂಟೆ ಕಳೆದ ಮೇಲೆ ಬರುತ್ತದೆ, ರಕ್ತದ ಸಕ್ಕರೆ ದಿಢೀರ್ ಕೆಳಗಿಳಿದು ಕೈ ನಡುಕ, ಕಣ್ಣು ಮಂಜು. ವ್ಯಾಯಾಮದ ದಿನ ಇದು ಹೆಚ್ಚು ಕಾಡಬಹುದು. ಪದೇ ಪದೇ ಆಗುತ್ತಿದ್ದರೆ ಏನು ತಿಂದು ಎಷ್ಟು ಹೊತ್ತಿಗೆ ಆಯಿತು ಅಂತ ಬರೆದಿಟ್ಟು ಡಾಕ್ಟರಿಗೆ ತೋರಿಸಿ. ಗುಂಪನ್ನು ಬಿಡಬೇಕಿಲ್ಲ. ಹೋಟೆಲಿಗೂ ಹೋಗಿ, ಸಕ್ಕರೆ ಇಲ್ಲದ ಕಾಫಿ ಹೀರುತ್ತಾ ಹರಟಿ.

ಸ್ನಾಯುವಿಗೆ ವ್ಯಾಯಾಮದಷ್ಟೇ ಪ್ರೋಟೀನ್ ಮುಖ್ಯ. ದಿನಕ್ಕೆ 60ರಿಂದ 80 ಗ್ರಾಂ ಎಂದು ಸಾಮಾನ್ಯ ಸಲಹೆ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, ಬೇಯಿಸಿದ 100 ಗ್ರಾಂ ಕೋಳಿ ಮಾಂಸದಲ್ಲಿ 25ಕ್ಕಿಂತ ಹೆಚ್ಚು, 100 ಗ್ರಾಂ ಪನೀರ್‌ನಲ್ಲಿ 18ರ ಆಸುಪಾಸು. ತಟ್ಟೆಯಲ್ಲಿ ಮೊದಲು ಇವುಗಳಿಗೆ ಕೈ ಹಾಕಿ, ಅನ್ನ ಕೊನೆಗೆ. ಉಪ್ಸಾರು, ಬಸ್ಸಾರಿನಲ್ಲಿ ಕಾಳು ಇರುತ್ತದಲ್ಲ, ರಸ ಬಸಿದು ಮುದ್ದೆ ನುಂಗಿ ಕಾಳನ್ನು ತಟ್ಟೆಯಲ್ಲೇ ಬಿಡಬೇಡಿ. ಮುದ್ದೆಯ ಬಗ್ಗೆ ಒಂದು ಎಚ್ಚರಿಕೆ. ನಾವು ಅದನ್ನು ಅಗಿಯುವುದೇ ಇಲ್ಲ, ನುಂಗುತ್ತೇವೆ. ಸರ್ಜರಿ ಆದವರಿಗೆ ಹಾಗೆ ನುಂಗಿದ್ದು ಎದೆಯಲ್ಲೇ ಕೂತುಬಿಡಬಹುದು. ಕಡಲೆಕಾಳಿನಷ್ಟು ತುತ್ತು ಮಾಡಿ, ಇಲ್ಲವೇ ರಾಗಿಯನ್ನು ರೊಟ್ಟಿ ಮಾಡಿ ಅಗಿದು ತಿನ್ನಿ.

5. ಚಾಮುಂಡಿ ಬೆಟ್ಟ ಹತ್ತುವ ಆಸೆ ಇದ್ದರೆ

ಮೈಸೂರು ಸೀಮೆಯವರು ತೂಕ ಇಳಿದ ಮೇಲೆ ಮೊದಲು ಮಾಡುವ ಹರಕೆ ಇದೇ, ಮೆಟ್ಟಿಲು ಹತ್ತಿ ತಾಯಿಯನ್ನು ನೋಡುವುದು. ಒಳ್ಳೆಯ ಗುರಿ. ಆದರೆ ಸಾವಿರದಷ್ಟು ಮೆಟ್ಟಿಲು, ಅದೂ ಒಂದೊಂದು ಒಂದೊಂದು ಎತ್ತರ. ಮೊದಲ ಸಲ ಪಾದದಿಂದ ಹೊರಡಬೇಡಿ. ನಂದಿಯ ತನಕ ಗಾಡಿಯಲ್ಲಿ ಹೋಗಿ ಅಲ್ಲಿಂದ ಮೇಲಕ್ಕೆ ಹತ್ತಿ, ಉಳಿಯುವುದು ಅರ್ಧಕ್ಕಿಂತ ಕಡಿಮೆ. ಅದು ಆರಾಮಾಗಿ ಆಗತೊಡಗಿದ ಮೇಲೆ ಪಾದದಿಂದ ಪ್ರಯತ್ನಿಸಿ. ಮಂಡಿಗೆ ಹತ್ತುವುದಕ್ಕಿಂತ ಇಳಿಯುವುದು ಕಷ್ಟ, ಹಾಗಾಗಿ ಕೆಲವು ತಿಂಗಳು ಇಳಿಯಲು ಸಿಟಿ ಬಸ್ ಹಿಡಿಯಿರಿ, ಪುಣ್ಯ ಕಡಿಮೆಯಾಗುವುದಿಲ್ಲ. ಆಷಾಢ ಶುಕ್ರವಾರದ ಜನಜಾತ್ರೆಯಲ್ಲಿ ಮೊದಲ ಪ್ರಯತ್ನ ಬೇಡ. ನಿಮ್ಮ ವೇಗಕ್ಕೆ ನಿಲ್ಲಲು ಅಲ್ಲಿ ಜಾಗವೇ ಇರುವುದಿಲ್ಲ.

ಮಂಡಿ ಸವೆದವರಿಗೂ ಒಂದು ಸಮಾಧಾನ ಇದೆ. ಒಂದು ಕಿಲೋ ತೂಕ ಇಳಿದರೆ ಪ್ರತಿ ಹೆಜ್ಜೆಗೆ ಮಂಡಿಯ ಮೇಲಿನ ಭಾರ ಸುಮಾರು ನಾಲ್ಕು ಕಿಲೋ ಕಡಿಮೆಯಾಗುತ್ತದೆ. ಮೂವತ್ತು ಕಿಲೋ ಇಳಿದವರು ತಾವೇ ಲೆಕ್ಕ ಹಾಕಿಕೊಳ್ಳಲಿ.

6. ಯೋಗ, ಈಜು, ಜೋತು ಬಿದ್ದ ಚರ್ಮ

ಮೈಸೂರಲ್ಲಿದ್ದು ಯೋಗ ಮಾಡದಿದ್ದರೆ ಹೇಗೆ ಅನ್ನುವವರು ಇರುತ್ತಾರೆ. ಮಾಡಿ, ಸಮತೋಲನಕ್ಕೆ, ಬಿಗಿದ ಸೊಂಟಕ್ಕೆ ಬಹಳ ಒಳ್ಳೆಯದು. ಆದರೆ ಸ್ಲೀವ್ ಆದವರಲ್ಲಿ ಎದೆಯುರಿ, ಹುಳಿ ತೇಗು ಸಾಮಾನ್ಯ. ತಲೆ ಕೆಳಗಾಗುವ ಆಸನಗಳಲ್ಲಿ ಅದು ಜಾಸ್ತಿಯಾಗುತ್ತದೆ. ಸರ್ವಾಂಗಾಸನ, ಶೀರ್ಷಾಸನ ಬಿಟ್ಟರೆ ನಷ್ಟ ಏನೂ ಇಲ್ಲ. ಇಲ್ಲಿ ಹೆಸರಾದ ಅಷ್ಟಾಂಗ ಶೈಲಿ ಕೈ, ಭುಜದ ಮೇಲೆ ಬಹಳ ಭಾರ ಹಾಕುತ್ತದೆ, ಮೇಲೆ ಮೂರನೇ ಭಾಗದಲ್ಲಿ ಹೇಳಿದ ಭಾರ ಎತ್ತುವುದನ್ನು ಒಂದಷ್ಟು ತಿಂಗಳು ಮಾಡಿದ ಮೇಲೆ ಹೋಗುವುದು ವಾಸಿ. ಈಜು ಮಂಡಿ ನೋವಿನವರಿಗೆ ಹಿತ. ಆದರೆ ನೀರಿನಲ್ಲಿ ಮೂಳೆಯ ಮೇಲೆ ಭಾರ ಬೀಳುವುದಿಲ್ಲ, ಹಾಗಾಗಿ ಅದೊಂದನ್ನೇ ನೆಚ್ಚಿಕೊಳ್ಳಬೇಡಿ.

ಹೊಟ್ಟೆ, ತೊಡೆ, ತೋಳಿನ ಚರ್ಮ ಜೋತು ಬೀಳುವುದರ ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲ. ವ್ಯಾಯಾಮದಿಂದ ಅದು ಪೂರ್ತಿ ಬಿಗಿಯಾಗುತ್ತದೆ ಅನ್ನುವುದು ಸುಳ್ಳು ಭರವಸೆ. ನಡೆಯುವಾಗ ಅದು ಅಲ್ಲಾಡಿ ಉಜ್ಜಿ ಕೆಂಪಾಗುವುದೇ ನಿಜವಾದ ತೊಂದರೆ. ಮಂಡಿಯ ತನಕ ಬರುವ ಬಿಗಿ ಶಾರ್ಟ್ಸ್ ಅನ್ನು ಪ್ಯಾಂಟ್ ಅಥವಾ ಚೂಡಿದಾರದ ಒಳಗೆ ಹಾಕಿ, ಹೊಟ್ಟೆಗೆ ಬಿಗಿಯಾದ ಬನಿಯನ್ ಇರಲಿ. ಉಜ್ಜುವ ಜಾಗಕ್ಕೆ ಹೊರಡುವ ಮೊದಲು ವ್ಯಾಸಲೀನ್, ಬಂದ ಮೇಲೆ ಮಡಿಕೆಗಳನ್ನು ತೊಳೆದು ಚೆನ್ನಾಗಿ ಒರೆಸಿ ಒಣಗಿಸಿ. ಗಾಯ, ವಾಸನೆ, ತುರಿಕೆ ನಿಲ್ಲದಿದ್ದರೆ ಚರ್ಮದ ಡಾಕ್ಟರ್. ಪ್ಲಾಸ್ಟಿಕ್ ಸರ್ಜರಿಯ ಯೋಚನೆ ಇದ್ದರೆ ತೂಕ ಒಂದು ಕಡೆ ನಿಂತ ಮೇಲೆ ಮಾತ್ರ.

7. ಮೂರನೇ ವರ್ಷ, ನಾಲ್ಕನೇ ವರ್ಷ

ಈಗ ಮುಳ್ಳು ಎರಡು-ಮೂರು ಕಿಲೋ ಮೇಲೆ ಹೋಗಿರುತ್ತದೆ. ಇದು ಬಹಳ ಮಂದಿಗೆ ಆಗುತ್ತದೆ, ಸರ್ಜರಿ ಕೆಟ್ಟುಹೋಯಿತು ಅಂತ ಅಲ್ಲ. ಉಪವಾಸ ಬೀಳಬೇಡಿ, ಬಿದ್ದರೆ ಕೊಬ್ಬಿನ ಜೊತೆ ಮತ್ತೆ ಸ್ನಾಯುವೂ ಹೋಗುತ್ತದೆ. ವಾರಕ್ಕೊಮ್ಮೆ ಒಂದೇ ದಿನ, ಒಂದೇ ಹೊತ್ತಿಗೆ ತೂಕ ನೋಡಿ, ನಾಲ್ಕು ವಾರದ ಲೆಕ್ಕ ಒಟ್ಟಿಗೆ ಹಿಡಿದು ನೋಡಿ. ಏರುತ್ತಲೇ ಇದ್ದರೆ ಮೊದಲು ಸುಮ್ನೆ ಬಾಯಾಡಿಸುವುದನ್ನು ಗಮನಿಸಿ. ಕಡಲೆಪುರಿ, ನಿಪ್ಪಟ್ಟು, ಆಲೆಮನೆಯಿಂದ ಬಂದ ಬಿಸಿ ಬೆಲ್ಲದ ತುಂಡು, ಸಂಜೆಯ ಹಣ್ಣಿನ ಜ್ಯೂಸ್, ಪುಟ್ಟ ಜಠರ ಇವನ್ನೆಲ್ಲ ತಡೆಯುವುದಿಲ್ಲ, ಸಲೀಸಾಗಿ ಒಳಗೆ ಬಿಡುತ್ತದೆ. ಆಮೇಲೆ ಭಾರ ಎತ್ತುವ ದಿನಗಳು ಎರಡರಿಂದ ಒಂದಕ್ಕೆ, ಒಂದರಿಂದ ಸೊನ್ನೆಗೆ ಇಳಿದಿವೆಯಾ ನೋಡಿ.

ದಸರಾ, ಮದುವೆ ಸೀಸನ್, ಬೀಗರೂಟ, ಜ್ವರ, ಜಡಿಮಳೆ, ಏನಾದರೊಂದು ಬಂದು ಅಭ್ಯಾಸ ತಪ್ಪಿಸುವುದು ಖಂಡಿತ. ಅದಕ್ಕಾಗಿ ಒಂದು ಕನಿಷ್ಠ ದಿನ ಅಂತ ಇಟ್ಟುಕೊಳ್ಳಿ. ಎಂಥ ದಿನವೇ ಆಗಲಿ, ಎಂಟು ಸಲ ಕುರ್ಚಿಯಿಂದ ಏಳುವುದು, ಹತ್ತು ನಿಮಿಷ ಮನೆಯೊಳಗೇ ನಡೆಯುವುದು. ಕಲ್ಯಾಣ ಮಂಟಪದಲ್ಲಿ ಆ ಹತ್ತು ನಿಮಿಷ ಸುಲಭ, ಊಟದ ಹಾಲಿನಿಂದ ಪಾರ್ಕಿಂಗ್ ತನಕ ನಾಲ್ಕು ಸಲ ಯಾರನ್ನೋ ಹುಡುಕುವವರ ಹಾಗೆ ಓಡಾಡಿದರಾಯಿತು. ಎರಡು ವಾರಕ್ಕಿಂತ ಹೆಚ್ಚು ಬಿಟ್ಟಿದ್ದರೆ ವಾಪಸ್ ಬರುವಾಗ ಬಿಟ್ಟ ಜಾಗದಿಂದ ಶುರು ಮಾಡದೆ ಅರ್ಧದಿಂದ ಶುರು ಮಾಡಿ.

ಈ ಹೊತ್ತಿಗೆ ಜಿಮ್ ಸೇರುವ ಮನಸ್ಸಾದರೆ ಟ್ರೈನರ್‌ಗೆ ಮೊದಲ ದಿನವೇ ಮೂರು ಮಾತು ಹೇಳಿ. ಒಂದು, ನನಗೆ ಸ್ಲೀವ್ ಅಥವಾ ಬೈಪಾಸ್ ಆಗಿದೆ. ಎರಡು, ಒಮ್ಮೆಗೆ ಹೆಚ್ಚು ನೀರು ಕುಡಿಯಲು ಆಗುವುದಿಲ್ಲ, ನಡುನಡುವೆ ಗುಟುಕು ಹಾಕುತ್ತಿರುತ್ತೇನೆ. ಮೂರು, ನೀವು ಕೊಡುವ ಪೌಡರ್ ಡಬ್ಬಿಯನ್ನು ಡಯಟಿಷಿಯನ್‌ಗೆ ತೋರಿಸದೆ ತೆಗೆದುಕೊಳ್ಳುವುದಿಲ್ಲ.

8. ಅಲ್ಲೇ ನಿಲ್ಲಿಸಬೇಕಾದ ಲಕ್ಷಣಗಳು

ಎದೆ ಹಿಡಿದ ಹಾಗಾಗುವುದು, ತೋಳಿಗೋ ದವಡೆಗೋ ಹರಡುವ ನೋವು, ಪ್ರಜ್ಞೆ ತಪ್ಪುವುದು ಆದರೆ ಸರ್ಜರಿ ಆಗಿರಲಿ ಬಿಡಲಿ ಕೂಡಲೇ ಆಸ್ಪತ್ರೆ. ಮಲ ಟಾರಿನ ಹಾಗೆ ಕಪ್ಪಾಗಿ ಅಂಟಂಟಾಗಿ ಹೋದರೆ ಒಳಗೆ ರಕ್ತ ಸೋರುತ್ತಿರಬಹುದು. ಕಬ್ಬಿಣದ ಮಾತ್ರೆಯಿಂದಲೂ ಕಪ್ಪಾಗುತ್ತದೆ, ಆದರೆ ತಲೆ ಸುತ್ತು ಜೊತೆಗಿದ್ದರೆ ಕಾಯಬೇಡಿ. ಬೈಪಾಸ್ ಆದವರಿಗೆ ಇನ್ನೊಂದಿದೆ. ತೂಕ ಇಳಿದ ಮೇಲೆ ಒಳಗಿನ ಕೊಬ್ಬು ಕರಗಿ ಅಗಲವಾದ ಸಂದಿಯಲ್ಲಿ ಕರುಳು ಸಿಕ್ಕಿಕೊಳ್ಳಬಹುದು, ವರ್ಷಗಳಾದ ಮೇಲೂ. ಅದರ ಲಕ್ಷಣ ಬಿಟ್ಟು ಬಿಟ್ಟು ಬರುವ ತೀವ್ರ ಹೊಟ್ಟೆ ನೋವು, ಜೊತೆಗೆ ವಾಂತಿ ಅಥವಾ ಬರೀ ಓಕರಿಕೆ. ಇದನ್ನು ಗ್ಯಾಸ್ಟ್ರಿಕ್ ಅಂದುಕೊಂಡು ಸೋಡಾ ಕುಡಿಯುತ್ತಾ ಮನೆಯಲ್ಲಿ ಕೂರುವ ಹಾಗಿಲ್ಲ, ರಾತ್ರಿಯಾದರೂ ಹೊರಡಬೇಕು. ಹೋದ ಕಡೆ ಮೊದಲು ಹೇಳಬೇಕಾದ್ದು ಬೈಪಾಸ್ ಆಗಿದೆ ಅನ್ನುವುದನ್ನು, ಬರೀ ಬೈಪಾಸ್ ಅಂದರೆ ಹೃದಯದ್ದು ಅಂದುಕೊಳ್ಳುತ್ತಾರೆ, ತೂಕ ಇಳಿಸುವ ಬೈಪಾಸ್ ಅಂತ ಬಿಡಿಸಿ ಹೇಳಿ. ಸರ್ಜರಿಯ ಡಿಸ್ಚಾರ್ಜ್ ಸಮರಿಯ ಫೋಟೋ ಒಂದು ನಿಮ್ಮ ಮೊಬೈಲ್‌ನಲ್ಲಿ, ಇನ್ನೊಂದು ಮನೆಯವರ ಮೊಬೈಲ್‌ನಲ್ಲಿ ಇರಲಿ.